199ನೆಯವನ ಚೀಟಿ

ಎರಡೂವರೆ ಇಂಚು ಅಗಲ, ಮೂರೂವರೆ ಇಂಚು ಉದ್ದದ ರಟ್ಟಿನ ತುಂಡು. ಅದರ ಮೇಲೊಬ್ಬ ತರುಣ ಆಟಗಾರನ ಚಿತ್ರ, ಜೊತೆಗೆ ಅವನದೇ ರುಜು. 2021ರ ಜೂನ್‌ನಲ್ಲಿ ಅಮೆರಿಕದ ಹರಾಜೊಂದರಲ್ಲಿ ಈ ಚೀಟಿಗೆ ಬಂದ ಬೆಲೆ ಸುಮಾರು 31 ಲಕ್ಷ ಡಾಲರ್. ಆಗಿನ ಲೆಕ್ಕದಲ್ಲಿ 22 ಕೋಟಿ ರೂಪಾಯಿಗೂ ಮಿಕ್ಕಿ!

ಚಿತ್ರದಲ್ಲಿರುವಾತ ಟಾಮ್ ಬ್ರೇಡಿ. ಆಟ ಅಮೆರಿಕನ್ ಫುಟ್‌ಬಾಲ್. ಹೆಸರು ಫುಟ್‌ಬಾಲ್ ಆದರೂ ಇಲ್ಲಿ ಮೊಟ್ಟೆಯಾಕಾರದ ಚೆಂಡಿಗೆ ಕಾಲಿಗಿಂತ ಕೈಯದೇ ಹೆಚ್ಚು ಕೆಲಸ. ಚೆಂಡೆಸೆದು ಆಟ ನಡೆಸುವ ಸೂತ್ರಧಾರನೇ ಕ್ವಾರ್ಟರ್‌ಬ್ಯಾಕ್.

ಇಂಥ ಚೀಟಿಗಳ ಹುಟ್ಟು ಹತ್ತೊಂಬತ್ತನೆಯ ಶತಮಾನದಲ್ಲಿ. ಸಿಗರೇಟ್ ಪ್ಯಾಕು ಮುದುಡದಿರಲೆಂದು ಒಳಗಿಡುತ್ತಿದ್ದ ರಟ್ಟಿನ ಮೇಲೆ ಆಟಗಾರರ ಚಿತ್ರ ಅಚ್ಚಾಯಿತು. ಮುಂದೆ ಬಬಲ್‌ಗಮ್ ಜೊತೆ ಬಂದ ಚೀಟಿ ಮಕ್ಕಳ ಕೈ ಸೇರಿತು. ಆಟಗಾರನ ಮೊದಲ ಋತುವಿನ ಚೀಟಿಗೆ ‘ರೂಕಿ ಕಾರ್ಡ್’ ಎಂದು ಹೆಸರು. ಅವನ ಚಿತ್ರ ಮುಂದೆ ಎಷ್ಟೇ ಬರಲಿ, ಮೊದಲನೆಯದು ಮತ್ತೆ ಬಾರದು. ಬ್ರೇಡಿಯ ಈ ಚೀಟಿ 2000ದ ‘ಕಂಟೆಂಡರ್ಸ್’ ಮಾಲಿಕೆಯ ‘ಚಾಂಪಿಯನ್‌ಶಿಪ್ ಟಿಕೆಟ್’. ಅಚ್ಚಾದದ್ದು ಬರೀ 100 ಪ್ರತಿ.

ಆ ಹೊತ್ತಿಗೆ ಬ್ರೇಡಿಯನ್ನು ಬಲ್ಲವರೆಷ್ಟು? ಅಮೆರಿಕದಲ್ಲಿ ವೃತ್ತಿಪರ ತಂಡಗಳು ಪ್ರತಿ ವರ್ಷ ಕಾಲೇಜು ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುತ್ತವೆ. ಇದೇ ‘ಡ್ರಾಫ್ಟ್’. ಮಿಷಿಗನ್ ವಿಶ್ವವಿದ್ಯಾಲಯದಲ್ಲಿಯೂ ಬ್ರೇಡಿ ಸ್ಥಾನಕ್ಕಾಗಿ ಸೆಣಸಿದವನೇ. ಡ್ರಾಫ್ಟ್‌ಗೆ ಮುಂಚಿನ ಪರೀಕ್ಷೆಯಲ್ಲಿ 40 ಗಜ ಓಡಲು ಅವನಿಗೆ 5.28 ಸೆಕೆಂಡು ಬೇಕಾಯಿತು. ಮೈಕಟ್ಟೂ ಸಣಕಲು. ಆರು ಕ್ವಾರ್ಟರ್‌ಬ್ಯಾಕ್‌ಗಳು ಅವನಿಗಿಂತ ಮೊದಲೇ ಆಯ್ಕೆಯಾದರು. ಆರನೆಯ ಸುತ್ತಿನಲ್ಲಿ, 199ನೆಯವನಾಗಿ, ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ಅವನನ್ನು ತೆಗೆದುಕೊಂಡಿತು. ಮೊದಲ ಋತುವಿನಲ್ಲಿ ಅವನು ಎಸೆದದ್ದು ಮೂರೇ ಚೆಂಡು; ಸಹ ಆಟಗಾರನ ಕೈಸೇರಿದ್ದು ಒಂದು.

2001ರ ಸೆಪ್ಟೆಂಬರ್‌ನಲ್ಲಿ ತಂಡದ ಮುಖ್ಯ ಕ್ವಾರ್ಟರ್‌ಬ್ಯಾಕ್ ಡ್ರೂ ಬ್ಲೆಡ್ಸೋ ತೀವ್ರವಾಗಿ ಗಾಯಗೊಂಡ. ಬೆಂಚಿನಲ್ಲಿದ್ದ ಬ್ರೇಡಿಗೆ ಕರೆ ಬಂತು. 2002ರ ಫೆಬ್ರುವರಿಯಲ್ಲಿ ಪೇಟ್ರಿಯಟ್ಸ್ ಸೇಂಟ್ ಲೂಯಿ ರ‍್ಯಾಮ್ಸ್ ತಂಡವನ್ನು 20–17ರಿಂದ ಸೋಲಿಸಿ ‘ಸೂಪರ್ ಬೌಲ್’ ಗೆದ್ದಿತು. 2023ರಲ್ಲಿ, 45ನೆಯ ವಯಸ್ಸಿನಲ್ಲಿ ಆಟಕ್ಕೆ ವಿದಾಯ ಹೇಳುವಾಗ ಬ್ರೇಡಿಯ ಲೆಕ್ಕದಲ್ಲಿ ಇಂಥ ಏಳು ಕಿರೀಟಗಳಿದ್ದವು. ಯಾವ ಒಂದು ತಂಡವೂ ಅಷ್ಟು ಗೆದ್ದಿರಲಿಲ್ಲ.

ವಿರಳವಾದದ್ದೆಲ್ಲ ದುಬಾರಿಯಾಗುವುದಿಲ್ಲ. ಅದೇ ವರ್ಷ, ಅದೇ ಮಾಲಿಕೆಯಲ್ಲಿ ಇತರ ಹೊಸಬರ ಚೀಟಿಗಳೂ ಬಂದಿದ್ದವು. ಅವುಗಳ ರಟ್ಟು, ಶಾಯಿ ಬೇರೆಯಲ್ಲ. ಆದರೂ ಅವುಗಳಿಗೆ ಈ ಬೆಲೆಯಿಲ್ಲ. ಬ್ರೇಡಿ ಈ ಚೀಟಿಗೆ ರುಜು ಹಾಕಿದಾಗ ಅವನ ಭವಿಷ್ಯ ಯಾರಿಗೂ ಗೊತ್ತಿರಲಿಲ್ಲ. ಓಟವನ್ನು ಗಡಿಯಾರ ಅಳೆಯಿತು, ಮೈಕಟ್ಟನ್ನು ಕಣ್ಣು ಅಳೆಯಿತು. ಒತ್ತಡದಲ್ಲೂ ಕೆಡದ ತಾಳ್ಮೆಯನ್ನು ಅಳೆಯುವ ಕೋಲು ಮಾತ್ರ ಯಾರ ಬಳಿಯೂ ಇರಲಿಲ್ಲ. ಪರಿಣತರ ಆ ತಪ್ಪು ಅಂದಾಜಿಗೆ ಸಾಕ್ಷಿಯಾಗಿ ಉಳಿದದ್ದು ಈ ರಟ್ಟಿನ ತುಂಡು.