ವೈರಿನ ಕೊಳವೆಗೆ ಯಾವ ಬಿಸಿ?

ಅಕ್ಕಾ, ಮಿಕ್ಸಿಯ ವೈರು ತುಂಡಾಗಿದೆಯೇ? ಸೇರಿಸಿದ ಜಾಗದಲ್ಲಿ ತಂತಿ ಬರಿದಾಗಿದ್ದರೆ ಶಾಕ್ ಹೊಡೆಯುತ್ತದೆ. ಜೀವವೇ ಹೋಗಬಹುದು.

ಅದನ್ನು ಮುಚ್ಚಲು ಒಂದು ಕೊಳವೆ ಸಿಗುತ್ತದೆ. ಅಂಗಡಿಯಲ್ಲಿ ಹೀಟ್ ಶ್ರಿಂಕ್ ಸ್ಲೀವ್ ಅಂತ ಕೇಳಿ. ಬಿಸಿ ತಾಗಿದರೆ ಅದು ಕುಗ್ಗುತ್ತದೆ. ವೈರನ್ನು ಬಿಗಿಯಾಗಿ ಹಿಡಿಯುತ್ತದೆ. ಸಾಮಾನ್ಯವಾಗಿ 6 ಮಿಲಿಮೀಟರಿನ ಕೊಳವೆ 3 ಮಿಲಿಮೀಟರಿಗೆ ಇಳಿಯುತ್ತದೆ.

ಬಿಸಿ ಯಾವುದರಿಂದ ಕೊಡಬೇಕು?

ಬೆಂಕಿಕಡ್ಡಿ, ಲೈಟರ್ ಬೇಡ. ಒಂದು ಕಡೆ ಸುಡುತ್ತದೆ, ಇನ್ನೊಂದು ಕಡೆ ಹಾಗೇ ಉಳಿಯುತ್ತದೆ. ಸೆರಗಿಗೂ ಬೆಂಕಿ ತಗಲೀತು.

ಬೆಸುಗೆ ಹಾಕುವ ಕಡ್ಡಿಯೂ ಬೇಡ. ತಾಗಿದಲ್ಲಿ ಕೊಳವೆ ತೂತಾಗುತ್ತದೆ.

ಕೂದಲು ಒಣಗಿಸುವ ಡ್ರೈಯರಿನ ಬಿಸಿ ಬಹಳ ಸಲ ಸಾಲದು. ಕೊಳವೆಗೆ ಸುಮಾರು 90ರಿಂದ 120 ಡಿಗ್ರಿ ಬಿಸಿ ಬೇಕು.

ಹಾಟ್ ಏರ್ ಗನ್ ಒಳ್ಳೆಯದು. ಅದು ಬಿಸಿಗಾಳಿ ಊದುತ್ತದೆ. ಸುತ್ತಲೂ ಸಮನಾಗಿ ಬಿಸಿ ತಾಗುತ್ತದೆ.

ಕೆಲಸ ಮಾಡುವುದು ಹೀಗೆ:

1. ಮಿಕ್ಸಿಯ ಪ್ಲಗ್ ಕಿತ್ತಿಡಿ.
2. ವೈರು ಸೇರಿಸುವ ಮೊದಲೇ ಕೊಳವೆ ತೂರಿಸಿ. ಒಂದೊಂದು ತಂತಿಗೂ ಬೇರೆ ಕೊಳವೆ ಬೇಕು.
3. ಸೇರಿಸಿದ ಮೇಲೆ ಕೊಳವೆಯನ್ನು ಅದರ ಮೇಲೆ ಸರಿಸಿ.
4. ನಡುವಿನಿಂದ ತುದಿಯ ಕಡೆಗೆ ಬಿಸಿ ಕೊಡಿ. ಗನ್ ಒಂದೇ ಕಡೆ ನಿಲ್ಲಿಸಬೇಡಿ.
5. ತಣ್ಣಗಾಗಲಿ. ಆಮೇಲೆ ಮುಟ್ಟಿ.

ಎಲ್ಲಾದರೂ ತಂತಿ ಇಣುಕುತ್ತಿದೆಯೇ, ನೋಡಿ. ಇಣುಕಿದರೆ ಪ್ಲಗ್ ಹಾಕಲೇಬೇಡಿ. ಬೇರೆ ಕೊಳವೆ ಹಾಕಿ.