ಹಳೆಯ ವಸ್ತು, ಹೊಸ ಹರಾಜು

ಹಳೆಯದನ್ನು ಕೂಡಿಡುವ ಆಸೆ ಮನುಷ್ಯನಿಗೆ ಹೊಸದಲ್ಲ. ನಾಣ್ಯ, ಅಂಚೆಚೀಟಿ, ಹಳೆಯ ಪುಸ್ತಕ, ದೊಡ್ಡವರ ಹಸ್ತಾಕ್ಷರ, ಓಲೆಗರಿಯ ಕಟ್ಟು, ಹಿತ್ತಾಳೆಯ ದೀಪ, ಇವುಗಳಲ್ಲಿ ಒಂದಲ್ಲ ಒಂದನ್ನು ಜೋಪಾನವಾಗಿ ತೆಗೆದಿರಿಸಿಕೊಂಡವರು ನಮ್ಮ ಪ್ರತಿಯೊಂದು ಊರಿನಲ್ಲಿಯೂ ಇದ್ದಾರೆ. ವಸ್ತುವಿನ ಬೆಲೆಗಿಂತ ಮಿಗಿಲಾದ ಸಂತೋಷವೊಂದು ಅವರಿಗೆ ಅದರಿಂದ ದೊರೆಯುತ್ತದೆ. ಸಂದುಹೋದ ಕಾಲದ ಒಂದು ಚೂರು ತಮ್ಮ ಮನೆಯಲ್ಲಿದೆ ಎಂಬ ಸಂತೋಷ ಅದು. ಹೀಗಾಗಿಯೇ ಆ ಚೂರು ಸುಳ್ಳಾದರೆ ಆಗುವ ನೋವು ಬರಿಯ ಹಣದ ನೋವಲ್ಲ.

ಹಿಂದೆ ಇಂಥ ವಸ್ತು ಬೇಕಾದವರು ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆಯ ಪುಸ್ತಕದ ಅಂಗಡಿಗಳನ್ನೋ ಪರಿಚಯದ ಚಿನಿವಾರರನ್ನೋ ಹುಡುಕಿಕೊಂಡು ಹೋಗುತ್ತಿದ್ದರು. ವಸ್ತು ಕೈಗೆ ಸಿಗುತ್ತಿತ್ತು, ಮಾರುವವನ ಮುಖ ಕಣ್ಣಿಗೆ ಕಾಣುತ್ತಿತ್ತು. 1995ರಲ್ಲಿ ಪಿಯರ್ ಒಮಿಡ್ಯಾರ್ ಎಂಬ ತರುಣರು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಮುಂದೆ ಈಬೇ ಎಂದು ಹೆಸರಾದ ಹರಾಜುಕಟ್ಟೆಯೊಂದನ್ನು ಅಂತರ್ಜಾಲದಲ್ಲಿ ತೆರೆದರು. ಅಲ್ಲಿಂದ ಮುಂದೆ ಈ ವ್ಯವಹಾರದ ಸ್ವರೂಪವೇ ಬದಲಾಯಿತು. ಧಾರವಾಡದಲ್ಲಿ ಕುಳಿತವರು ಲಂಡನ್ನಿನ ಪುಸ್ತಕಕ್ಕೆ ಸವಾಲು ಕೂಗಬಹುದು. ಇದು ಸಣ್ಣ ಲಾಭವಲ್ಲ. ಆದರೆ ಈ ಹರಾಜಿನಲ್ಲಿ ಕೈಗೆ ಸಿಗುವುದು ವಸ್ತುವಲ್ಲ, ಅದರ ಚಿತ್ರ. ಕಾಣುವುದು ಮಾರುವವನ ಮುಖವಲ್ಲ, ಅವನು ಇಟ್ಟುಕೊಂಡ ಒಂದು ಹೆಸರು. ಮೋಸಕ್ಕೆ ಎಡೆಯಾಗುವುದು ಈ ಅಂತರದಲ್ಲಿಯೇ.

ಈ ಮೋಸವನ್ನು ಗುರುತಿಸಲು ಕಂಪ್ಯೂಟರಿನ ಪಾಂಡಿತ್ಯವೇನೂ ಬೇಕಾಗಿಲ್ಲ. ಸಾಹಿತ್ಯದ ವಿದ್ಯಾರ್ಥಿಗಳಿಗೆ ಬೇಕಾದ ಉಪಕರಣ ಆಗಲೇ ಕೈಯಲ್ಲಿದೆ. ಒಬ್ಬ ಕವಿಯ ಕಾಲವನ್ನು ನಿರ್ಣಯಿಸುವಾಗ ನಾವು ಎರಡು ಬಗೆಯ ಆಧಾರಗಳನ್ನು ಅರಸುತ್ತೇವೆ. ಕೃತಿಯೇ ತನ್ನ ವಿಷಯದಲ್ಲಿ ಹೇಳುವುದು ಒಳಸಾಕ್ಷ್ಯ. ಶಾಸನ, ಇತರ ಕವಿಗಳ ಉಲ್ಲೇಖ ಮೊದಲಾದವು ಹೊರಸಾಕ್ಷ್ಯ. ಹರಾಜಿಗೆ ಬಂದ ವಸ್ತುವನ್ನೂ ಈ ಎರಡು ಒರೆಗಲ್ಲುಗಳಿಗೆ ಉಜ್ಜಿ ನೋಡಬೇಕು.

ಒಳಸಾಕ್ಷ್ಯದ ಬಲವೆಷ್ಟೆಂಬುದಕ್ಕೆ ಇಂಗ್ಲಿಷ್ ಸಾಹಿತ್ಯಪ್ರಪಂಚದ ಒಂದು ಪ್ರಸಂಗ ಸಾಕು. ಥಾಮಸ್ ಜೇಮ್ಸ್ ವೈಸ್ ಎಂಬವರು ತಮ್ಮ ಕಾಲದ ಹೆಸರಾಂತ ಗ್ರಂಥಸಂಗ್ರಾಹಕರು, ಗ್ರಂಥಸೂಚಿಗಳನ್ನು ರಚಿಸಿದ ವಿದ್ವಾಂಸರು. ಎಲಿಜಬೆತ್ ಬ್ಯಾರೆಟ್ ಬ್ರೌನಿಂಗ್ ಅವರ ಪ್ರಸಿದ್ಧ ಸಾನೆಟ್ಟುಗಳು ಪ್ರಕಟವಾದದ್ದು 1850ರಲ್ಲಿ ಎಂದು ಎಲ್ಲರೂ ತಿಳಿದಿದ್ದಾಗ, 1847ರಲ್ಲಿಯೇ ರೆಡಿಂಗ್ ಪಟ್ಟಣದಲ್ಲಿ ಖಾಸಗಿಯಾಗಿ ಅಚ್ಚಾಯಿತೆನ್ನುವ ಒಂದು ಕಿರುಹೊತ್ತಗೆ ಬೆಳಕಿಗೆ ಬಂದಿತು. ಅದಕ್ಕೆ ತಕ್ಕಂತೆ ಕವಯಿತ್ರಿಯ ದಾಂಪತ್ಯದ ಮಧುರವಾದ ಕಥೆಯೊಂದೂ ಹಬ್ಬಿತು. ಹೊತ್ತಗೆಗೆ ದೊಡ್ಡ ಬೆಲೆ ಬಂದಿತು. 1934ರಲ್ಲಿ ಜಾನ್ ಕಾರ್ಟರ್ ಮತ್ತು ಗ್ರಹಾಂ ಪೊಲ್ಲಾರ್ಡ್ ಎಂಬ ಇಬ್ಬರು ತರುಣ ಪುಸ್ತಕವ್ಯಾಪಾರಿಗಳು ಈ ಬಗೆಯ ಹಲವು ಹೊತ್ತಗೆಗಳನ್ನು ಪರೀಕ್ಷಿಸಿ ಒಂದು ಗ್ರಂಥವನ್ನೇ ಬರೆದರು. ಅವರು ಕಥೆಯನ್ನು ನಂಬದೆ ಕಾಗದವನ್ನು ನೋಡಿದರು. ರೆಡಿಂಗ್ ಹೊತ್ತಗೆಯ ಕಾಗದದಲ್ಲಿ ರಾಸಾಯನಿಕವಾಗಿ ಹದಗೊಳಿಸಿದ ಮರದ ತಿರುಳಿತ್ತು. ಅಂಥ ಕಾಗದ ಇಂಗ್ಲೆಂಡಿನಲ್ಲಿ 1874ಕ್ಕೆ ಮೊದಲು ಬಳಕೆಯಲ್ಲಿರಲಿಲ್ಲ. 1847ರ ಪುಸ್ತಕ 1874ರ ಕಾಗದದ ಮೇಲೆ ಅಚ್ಚಾಗುವುದುಂಟೆ? ಈ ಕೃತಕ ಹೊತ್ತಗೆಗಳ ಹಿಂದಿದ್ದವರು ವೈಸ್ ಅವರೇ ಎಂಬುದು ಈಗ ನಿಶ್ಚಿತವಾದ ಸಂಗತಿ. ಕೊಂಡವರು ಹಣ ಕಳೆದುಕೊಂಡದ್ದು ಒಂದು ಕಡೆ ಇರಲಿ. ಆ ಸುಳ್ಳು ದಿನಾಂಕ ಅಷ್ಟು ವರ್ಷ ಸಾಹಿತ್ಯಚರಿತ್ರೆಯ ಪುಟಗಳಲ್ಲಿ ಸತ್ಯವೆಂದು ಕುಳಿತಿತ್ತು. ನನ್ನ ದೃಷ್ಟಿಯಲ್ಲಿ ಅದು ಹೆಚ್ಚಿನ ಹಾನಿ.

ನಮ್ಮ ನಾಡಿಗೆ ಹತ್ತಿರದ ಒಂದು ಉದಾಹರಣೆಯನ್ನು ನೋಡೋಣ. ಕಿಟ್ಟೆಲ್ಲರ ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾಗಿ ಹೊರಬಂದದ್ದು 1894ರಲ್ಲಿ. ಅದರ ಪುಟಗಳನ್ನು ಛಾಯಾಚಿತ್ರದಂತೆ ಯಥಾವತ್ತಾಗಿ ಸೆರೆಹಿಡಿದು ಅಚ್ಚುಮಾಡಿದ ಮರುಮುದ್ರಣಗಳೂ ಬಂದಿವೆ. ಅವು ಪ್ರಾಮಾಣಿಕವಾದ, ವಿದ್ಯಾರ್ಥಿಗಳಿಗೆ ಬಹಳ ಉಪಕಾರ ಮಾಡಿದ ಪುಸ್ತಕಗಳು. ಆದರೆ ಇಂಥ ಮರುಮುದ್ರಣದಲ್ಲಿ ಮೂಲದ ಶೀರ್ಷಿಕೆಪುಟವೂ ಹಾಗೆಯೇ ಬರುವುದರಿಂದ 1894 ಎಂಬ ಇಸವಿ ಕಣ್ಣಿಗೆ ಕಾಣುತ್ತದೆ. ನನ್ನ ಪರಿಚಿತರೊಬ್ಬರಿಗೆ ಇಂಥದೊಂದು ಪ್ರತಿ 'ಮೊದಲ ಮುದ್ರಣ' ಎಂಬ ಹೆಸರಿನಲ್ಲಿ ಅಂತರ್ಜಾಲದಲ್ಲಿ ಕಂಡಿತು. ಅವರು ನನ್ನ ಅಭಿಪ್ರಾಯ ಕೇಳಿದಾಗ, ಶೀರ್ಷಿಕೆಪುಟದ ಬೆನ್ನಿನ ಚಿತ್ರವನ್ನು ಕಳುಹಿಸುವಂತೆ ಮಾರುವವರನ್ನು ಕೇಳಿ ಎಂದೆ. ಮರುಮುದ್ರಣದ ವಿವರ ಸಾಮಾನ್ಯವಾಗಿ ಇರುವುದು ಅಲ್ಲಿಯೇ. ಆ ಪುಟದ ಚಿತ್ರ ಕೊನೆಗೂ ಬರಲಿಲ್ಲ, ಪರಿಚಿತರು ಕೊಳ್ಳಲಿಲ್ಲ. ಪುಸ್ತಕ ಕೈಗೆ ಸಿಕ್ಕಾಗ ಮಾಡಬಹುದಾದ ಇನ್ನೊಂದು ಪರೀಕ್ಷೆಯಿದೆ. ಮೊಳೆಜೋಡಿಸಿ ಅಚ್ಚೊತ್ತಿದ ಹಳೆಯ ಪುಟದ ಹಿಂಬದಿಯನ್ನು ಬೆರಳಿನಿಂದ ಸವರಿದರೆ ಅಕ್ಷರಗಳ ಒತ್ತು ಎಷ್ಟೋ ವೇಳೆ ತಿಳಿಯುತ್ತದೆ. ಆಫ್‌ಸೆಟ್ ಮುದ್ರಣದ ಪುಟ ನುಣುಪಾಗಿರುತ್ತದೆ.

ನಾಣ್ಯಗಳ ಮಾತು ಇನ್ನೂ ಸ್ವಾರಸ್ಯವಾದುದು. ರಾಮಪಟ್ಟಾಭಿಷೇಕವನ್ನೋ ಹನುಮಂತನನ್ನೋ ಒಂದು ಮುಖದಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ಹೆಸರು ಮತ್ತು 1818ನೆಯ ಇಸವಿಯನ್ನು ಇನ್ನೊಂದು ಮುಖದಲ್ಲಿ ತೋರಿಸುವ ತಾಮ್ರದ ಬಿಲ್ಲೆಗಳು 'ಅಪೂರ್ವ' ಎಂಬ ಹೆಸರಿನಲ್ಲಿ ಮಾರಾಟವಾಗುತ್ತಿರುತ್ತವೆ. ಕೆಲವರು ಇದಕ್ಕೆ ದೈವಿಕ ಶಕ್ತಿಯನ್ನೂ ಆರೋಪಿಸುತ್ತಾರೆ. ಕಂಪನಿಯು ಇಂಥ ನಾಣ್ಯವನ್ನು ಠಂಕಿಸಿಯೇ ಇಲ್ಲ. ಇವು ಈಚಿನ ಕಾಲದ ಕಲ್ಪನೆಗಳು. ದೇವತೆಗಳ ಚಿತ್ರವಿರುವ ರಾಮಟಂಕಗಳು ಪೂಜೆಗಾಗಿ ಇದ್ದದ್ದು ನಿಜ. ಆದರೆ ಅವು ಚಲಾವಣೆಯ ನಾಣ್ಯಗಳಲ್ಲ. ಕಂಪನಿಯ 1835ರ ಬೆಳ್ಳಿ ರೂಪಾಯಿಯಾದರೋ ನಾಲ್ಕನೆಯ ವಿಲಿಯಂ ದೊರೆಯ ಮುಖವನ್ನು ಹೊತ್ತದ್ದು, ಸುಮಾರು 11.66 ಗ್ರಾಂ ತೂಗುವಂಥದು. ತೂಕವೆಂಬುದು ನಾಣ್ಯದ ಒಳಸಾಕ್ಷ್ಯ. ತೂಕವನ್ನು ತಿಳಿಸದ ಮಾರಾಟಗಾರನನ್ನು ತಕ್ಕಡಿಯ ಮೇಲಿಟ್ಟ ನಾಣ್ಯದ ಚಿತ್ರಕ್ಕಾಗಿ ಕೇಳಬೇಕು. ಅಂಚಿನ ಚಿತ್ರವನ್ನೂ ಕೇಳಬೇಕು. ಅಚ್ಚಿನಿಂದ ಠಂಕಿಸಿದ ನಾಣ್ಯದ ಅಕ್ಷರ ಚೊಕ್ಕಟವಾಗಿರುತ್ತದೆ; ಎರಕ ಹೊಯ್ದ ನಕಲಿನಲ್ಲಿ ಅಕ್ಷರದ ಅಂಚು ಮೊಂಡಾಗಿ, ಮೈಮೇಲೆ ಸೂಜಿಮೊನೆಯಂಥ ಗುಳಿಗಳು, ಅಂಚಿನ ಸುತ್ತ ಬೆಸುಗೆಯ ಗೆರೆ ಕಾಣುವುದುಂಟು. ಆಯಸ್ಕಾಂತಕ್ಕೆ ಅಂಟುವ ನಾಣ್ಯ ಬೆಳ್ಳಿಯದಲ್ಲ. ಆರನೆಯ ಜಾರ್ಜ್ ದೊರೆಯ 1939ರ ಬೆಳ್ಳಿ ರೂಪಾಯಿ ತೀರ ವಿರಳ. ವಿರಳವಾದದ್ದರಿಂದಲೇ ಅದರ ನಕಲು ವಿರಳವಲ್ಲ. ಬೆಲೆ ಎಲ್ಲಿ ಏರುತ್ತದೆಯೋ ಅಲ್ಲಿ ಕೃತಕವೂ ಬಂದು ಸೇರುತ್ತದೆ ಎಂಬುದು ಈ ಲೋಕದ ನಿಯಮ.

ಇನ್ನು ಹೊರಸಾಕ್ಷ್ಯ. ವಸ್ತು ಯಾರ ಕೈಯಿಂದ ಯಾರ ಕೈಗೆ ಬಂತು, ರಸೀದಿ ಉಂಟೆ, ಹಿಂದಿನ ಹರಾಜಿನ ಪಟ್ಟಿಯಲ್ಲಿ ಕಾಣಿಸಿಕೊಂಡಿದೆಯೆ, ಇವು ಹೊರಸಾಕ್ಷ್ಯಗಳು. 'ಅಜ್ಜನ ಪೆಟ್ಟಿಗೆಯಲ್ಲಿ ಸಿಕ್ಕಿತು' ಎಂಬುದು ಸಾಕ್ಷ್ಯವಲ್ಲ, ಕಥೆ. ಅಂಥ ಕಥೆಗಳಲ್ಲಿ ಒಂದನ್ನು ಇಲ್ಲಿ ನೆನೆಯಬೇಕು. 2000ನೆಯ ಇಸವಿಯ ಮೇ ತಿಂಗಳಿನಲ್ಲಿ ಕ್ಯಾಲಿಫೋರ್ನಿಯಾದ ಕೆನೆತ್ ವಾಲ್ಟನ್ ಎಂಬ ವಕೀಲ ಈಬೇಯಲ್ಲಿ ಒಂದು ದೊಡ್ಡ ಅಮೂರ್ತ ಚಿತ್ರವನ್ನು ಹರಾಜಿಗಿಟ್ಟ. ಹೆಂಡತಿ ಅದನ್ನು ಮನೆಯೊಳಕ್ಕೆ ಬಿಡಲೊಲ್ಲಳೆಂದೂ ಮಗು ಆಟದ ಸೈಕಲಿನಿಂದ ಅದಕ್ಕೊಂದು ತೂತು ಮಾಡಿತೆಂದೂ ಬರೆದಿದ್ದ. ಕಲಾವಿದನ ಹೆಸರನ್ನೇ ಹೇಳಲಿಲ್ಲ. ಚಿತ್ರದ ಮೂಲೆಯಲ್ಲಿ ಮಾತ್ರ ಎರಡಕ್ಷರ ಮತ್ತು ಇಸವಿಯ ಗುರುತು ಕಾಣುತ್ತಿತ್ತು; ಅದು ರಿಚರ್ಡ್ ಡೀಬೆನ್‌ಕಾರ್ನ್ ಎಂಬ ಖ್ಯಾತ ಕಲಾವಿದನ ರುಜುವೆಂದು ಓದುಗರೇ ಊಹಿಸಿಕೊಂಡರು. 25 ಸೆಂಟಿನಿಂದ ಆರಂಭವಾದ ಹರಾಜು 1,35,805 ಡಾಲರಿಗೆ ಏರಿತು. ವಾಸ್ತವದಲ್ಲಿ ಆತನಿಗೆ ಹೆಂಡತಿಯೂ ಇರಲಿಲ್ಲ, ಮಗುವೂ ಇರಲಿಲ್ಲ. ಆತನೂ ಆತನ ಜೊತೆಗಾರರೂ ಹಲವು ಹೆಸರುಗಳಲ್ಲಿ ತಮ್ಮ ವಸ್ತುಗಳಿಗೆ ತಾವೇ ಸವಾಲು ಕೂಗುತ್ತಿದ್ದರು. ಈಬೇ ಮಾರಾಟವನ್ನು ರದ್ದುಗೊಳಿಸಿತು. 2001ರಲ್ಲಿ ಆತ ನ್ಯಾಯಾಲಯದ ಮುಂದೆ ತಪ್ಪೊಪ್ಪಿಕೊಂಡ.

ಈ ಪ್ರಸಂಗದಲ್ಲಿ ಭಾಷೆಯ ಅಭ್ಯಾಸಿಗಳಾದ ನಮಗೆ ಎರಡು ಪಾಠಗಳಿವೆ. ಮೊದಲನೆಯದು, ಜಾಣ ಮೋಸಗಾರ ಸುಳ್ಳನ್ನು ತಾನು ಹೇಳುವುದಿಲ್ಲ, ಕೊಳ್ಳುವವನಿಂದ ಹೇಳಿಸುತ್ತಾನೆ. ತಾನೊಬ್ಬನೇ ಗುಟ್ಟನ್ನು ಕಂಡೆ, ಮಾರುವವನು ಮುಗ್ಧ ಎಂದು ಕೊಳ್ಳುವವನಿಗೆ ಅನ್ನಿಸಿದ ಗಳಿಗೆಯೇ ಅಪಾಯದ ಗಳಿಗೆ. ಆದುದರಿಂದ ವಿವರಣೆಯನ್ನು ವ್ಯಾಕರಣದ ಕಣ್ಣಿನಿಂದ ಓದಬೇಕು. 'ವಿಜಯನಗರದ ವರಾಹ' ಎಂಬುದಕ್ಕೂ 'ವಿಜಯನಗರ ಶೈಲಿಯ ವರಾಹ' ಎಂಬುದಕ್ಕೂ ಇರುವ ವ್ಯತ್ಯಾಸ ಒಂದು ಪದದ್ದು. ಬೆಲೆಯಲ್ಲಿ ಅದು ಸಾವಿರಾರು ರೂಪಾಯಿಯದು. 'ಎನ್ನಲಾಗಿದೆ' ಎಂಬ ಕ್ರಿಯಾಪದಕ್ಕೆ ಕರ್ತೃ ಯಾರು ಎಂದು ಕೇಳಿಕೊಳ್ಳಬೇಕು. ಕರ್ತೃವಿಲ್ಲದ ವಾಕ್ಯಕ್ಕೆ ಹೊಣೆಗಾರನೂ ಇಲ್ಲ.

ಎರಡನೆಯ ಪಾಠ ಬೇನಾಮಿ ಕೂಗಿನದು. ಊರ ಹರಾಜಿನಲ್ಲಿ ಬೆಲೆ ಏರಿಸಲೆಂದೇ ನಿಲ್ಲಿಸಿದ ಮನುಷ್ಯನನ್ನು ನಾಲ್ಕು ಜನ ಗುರುತಿಸಬಹುದು. ಅಂತರ್ಜಾಲದಲ್ಲಿ ಅವನೂ ಒಂದು ಹೆಸರು ಮಾತ್ರ. ಒಬ್ಬನೇ ಮಾರಾಟಗಾರನ ವಸ್ತುಗಳಿಗೆ ಪದೇ ಪದೇ ಕೂಗಿ ಎಂದೂ ಗೆಲ್ಲದ ಹೆಸರು ಕಂಡರೆ ಸಂಶಯಪಡಬೇಕು. ಇದಕ್ಕೆ ಉತ್ತಮವಾದ ಕವಚವೆಂದರೆ ಹರಾಜಿಗೆ ಮೊದಲೇ, ತಣ್ಣಗಿನ ಮನಸ್ಸಿನಿಂದ, ನಮ್ಮ ಮೇಲ್ಮಿತಿಯನ್ನು ಕಾಗದದಲ್ಲಿ ಬರೆದಿಟ್ಟುಕೊಂಡು ಅದನ್ನು ಮೀರದಿರುವುದು. ಸೋತ ಮೇಲೆ 'ಗೆದ್ದವರು ಹಿಂದೆ ಸರಿದರು, ನಿಮಗೇ ಕೊಡುತ್ತೇವೆ' ಎಂದು ಹರಾಜುಕಟ್ಟೆಯ ಹೊರಗಿನಿಂದ ಬರುವ ಪತ್ರವೂ ಹಳೆಯ ಉಪಾಯವೇ. ಹೊರಗೆ ಹಣ ಕೊಟ್ಟವರಿಗೆ ಆ ಸಂಸ್ಥೆಯ ರಕ್ಷಣೆ ದೊರೆಯುವುದಿಲ್ಲ. ಮಾರುವವನ ಬಗ್ಗೆ ಇರುವ ಮೆಚ್ಚುಗೆಗಳನ್ನು ಎಣಿಸಿದರೆ ಸಾಲದು. ಅವು ಯಾವ ವಸ್ತುವಿಗೆ ಬಂದವೆಂದೂ ನೋಡಬೇಕು. ಹತ್ತು ರೂಪಾಯಿಯ ಸಾಮಾನು ಮಾರಿ ಗಳಿಸಿದ ಹೆಸರನ್ನು ಲಕ್ಷ ರೂಪಾಯಿಯ ಒಂದೇ ಮಾರಾಟದಲ್ಲಿ ನೀಗಿಕೊಳ್ಳುವವರಿದ್ದಾರೆ. ವಸ್ತು ನಿಜವಾಗಿ ಅವರ ಬಳಿ ಇದೆಯೆ ಎಂದು ತಿಳಿಯಲು, ನಿಮ್ಮ ಹೆಸರು ಬರೆದ ಚೀಟಿಯನ್ನು ಪಕ್ಕದಲ್ಲಿಟ್ಟು ಹೊಸ ಚಿತ್ರ ತೆಗೆದು ಕಳುಹಿಸುವಂತೆ ಕೇಳಿ. ಪ್ರಾಮಾಣಿಕರು ಇದಕ್ಕೆ ಬೇಸರಿಸುವುದಿಲ್ಲ.

ಕೊಳ್ಳುವವರಷ್ಟೇ ಅಲ್ಲ, ಮಾರಹೊರಟವರೂ ಮೋಸಹೋಗುತ್ತಾರೆ. ಮನೆಯಲ್ಲಿರುವ ವೈಷ್ಣೋದೇವಿಯ ಐದು ರೂಪಾಯಿ ನಾಣ್ಯಕ್ಕೋ 786 ಎಂಬ ಅಂಕಿಯಿರುವ ನೋಟಿಗೋ ಲಕ್ಷಗಟ್ಟಲೆ ಕೊಡುವೆವೆಂದು ಆಸೆ ತೋರಿಸಿ, ಮೊದಲು ಇಷ್ಟು ಶುಲ್ಕ, ಇಷ್ಟು ತೆರಿಗೆ ಕಟ್ಟಿ ಎನ್ನುವ ಜಾಹೀರಾತುಗಳಿವೆ. ತನ್ನ ಹೆಸರನ್ನು ಬಳಸಿ ಹೀಗೆ ಹಣ ಕೇಳುತ್ತಿರುವವರಿದ್ದಾರೆ, ತಾನು ಇಂಥ ವ್ಯವಹಾರದಲ್ಲಿ ಇಲ್ಲ ಎಂದು ಭಾರತೀಯ ರಿಸರ್ವ್ ಬ್ಯಾಂಕು 2021ರ ಆಗಸ್ಟಿನಲ್ಲಿ ಸಾರ್ವಜನಿಕರನ್ನು ಎಚ್ಚರಿಸಿತು. ನಿಮಗೆ ಹಣ ಬರಬೇಕಾದರೆ ನೀವು ಹಣ ಕೊಡಬೇಕಾಗಿಲ್ಲ. ಮೊಬೈಲಿನಲ್ಲಿ ಹಣ ಪಡೆಯಲು ಯುಪಿಐ ಗುಪ್ತಸಂಖ್ಯೆಯನ್ನು ಒತ್ತಬೇಕಾಗಿಯೂ ಇಲ್ಲ. ಈ ಎರಡು ಮಾತು ನೆನಪಿದ್ದರೆ ಅರ್ಧ ಅಪಾಯ ಕಳೆಯಿತು. ಅಕಸ್ಮಾತ್ ಹಣ ಹೋದರೆ ನಾಚಿಕೆಯಿಂದ ಸುಮ್ಮನಿರದೆ ತಕ್ಷಣ 1930 ಎಂಬ ಸೈಬರ್ ಅಪರಾಧ ಸಹಾಯವಾಣಿಗೂ ಬ್ಯಾಂಕಿಗೂ ತಿಳಿಸಬೇಕು. ತಡವಾದಷ್ಟೂ ಹಣ ಕೈಯಿಂದ ಕೈಗೆ ದಾಟಿ ದೂರವಾಗುತ್ತದೆ.

ವಸ್ತು ಅಸಲಿಯಾಗಿದ್ದರೂ ಒಂದು ಪ್ರಶ್ನೆ ಉಳಿಯುತ್ತದೆ: ಅದು ಮಾರುವವನದೇ? 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿಗಳ ಕಾಯಿದೆಯಂತೆ ನೂರು ವರ್ಷಕ್ಕೆ ಮೇಲ್ಪಟ್ಟ ವಿಗ್ರಹ, ನಾಣ್ಯ, ಚಿತ್ರ ಮೊದಲಾದವು ಪ್ರಾಚ್ಯವಸ್ತುಗಳು. ಚಾರಿತ್ರಿಕ ಅಥವಾ ಸಾಹಿತ್ಯಿಕ ಮೌಲ್ಯವುಳ್ಳ ಹಸ್ತಪ್ರತಿಗಳಿಗೆ ಎಪ್ಪತ್ತೈದು ವರ್ಷವೇ ಸಾಕು. ಇವುಗಳ ವ್ಯಾಪಾರಕ್ಕೆ ಪರವಾನಗಿ ಬೇಕು. ಖಾಸಗಿಯವರು ಇವನ್ನು ಹೊರದೇಶಕ್ಕೆ ಕಳುಹಿಸುವಂತಿಲ್ಲ. ನೆಲದಲ್ಲಿ ಸಿಕ್ಕ ನಿಧಿಯನ್ನು ಸರ್ಕಾರಕ್ಕೆ ತಿಳಿಸಬೇಕೆಂಬ ಕಾನೂನೂ ಇದೆ. 'ಹೊಲ ಉಳುವಾಗ ಸಿಕ್ಕಿತು' ಎಂದು ಹೇಳುವವನು ಒಂದೋ ಸುಳ್ಳು ಹೇಳುತ್ತಿದ್ದಾನೆ, ಇಲ್ಲವೆ ತನ್ನ ಅಪರಾಧವನ್ನೇ ಒಪ್ಪಿಕೊಳ್ಳುತ್ತಿದ್ದಾನೆ. ಎರಡರಲ್ಲಿ ಯಾವುದಾದರೂ ನಮಗೆ ಕ್ಷೇಮವಲ್ಲ. ಊರ ಗುಡಿಯಿಂದ ಕದ್ದ ಉತ್ಸವಮೂರ್ತಿ ಯಾರದೋ ನಡುಮನೆಯ ಅಲಂಕಾರವಾಗಲು ಹಣ ಕೊಟ್ಟವನೂ ಕಳವಿನ ಪಾಲುಗಾರನೇ.

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆಯನ್ನು ಕೇಳಿ ಯಾರೂ ಹಾಲು ಕುಡಿಯುವುದನ್ನು ಬಿಟ್ಟಿಲ್ಲ. ಹಾಗೆಯೇ ಈ ಎಚ್ಚರಿಕೆಗಳನ್ನು ಕೇಳಿ ಯಾರೂ ತಮ್ಮ ಹವ್ಯಾಸವನ್ನು ಬಿಡಬೇಕಾಗಿಲ್ಲ. ಕೊಳ್ಳುವ ಮೊದಲು ಆ ವಸ್ತುವಿನ ವಿಷಯದಲ್ಲಿ ಒಂದು ಒಳ್ಳೆಯ ಪುಸ್ತಕವನ್ನು ಕೊಂಡು ಓದಿ, ವಸ್ತುಸಂಗ್ರಹಾಲಯಕ್ಕೆ ಹೋಗಿ ಅಸಲಿಯನ್ನು ಕಣ್ತುಂಬ ನೋಡಿ, ಬಲ್ಲವರೊಬ್ಬರನ್ನು ಕೇಳಿ. ಇಷ್ಟು ಮಾಡುವಷ್ಟರಲ್ಲಿ ಎಷ್ಟೋ ವೇಳೆ ಹರಾಜು ಮುಗಿದುಹೋಗಿರುತ್ತದೆ. ಹೋದರೆ ಹೋಗಲಿ. ಅಸಲಿ ವಸ್ತು ಇನ್ನೊಮ್ಮೆ ಹರಾಜಿಗೆ ಬರುತ್ತದೆ; ಅಷ್ಟರಲ್ಲಿ ಅದನ್ನು ಗುರುತಿಸುವ ಕಣ್ಣು ನಿಮಗೆ ಬಂದಿರುತ್ತದೆ.