ಉತ್ತರ ಧ್ರುವದ ಚಕ್ರಬಡ್ಡಿ

ಭೂಗೋಳದ ನೆತ್ತಿಯಲ್ಲಿರುವ ಹಿಮಪ್ರದೇಶಕ್ಕೂ ನಮ್ಮ ನಿತ್ಯದ ದುಡಿಮೆಗೂ ಏನು ಸಂಬಂಧವೆಂದು ಹಲವರು ಕೇಳಬಹುದು. ಆದರೆ ಅಲ್ಲಿ ಆರಂಭವಾಗಿರುವ ಮಾರ್ಪಾಡು ಅಲ್ಲಿಗೇ ನಿಲ್ಲತಕ್ಕದ್ದಲ್ಲ. ಅದರ ಮರ್ಮವನ್ನು ವಾಚಕರ ಮುಂದಿಡಲು ಬಯಸುತ್ತೇವೆ.

ಉತ್ತರ ಧ್ರುವದಲ್ಲಿರುವುದು ನೆಲವಲ್ಲ, ಸಮುದ್ರ. ಅದರ ಮೇಲಣ ಮಂಜುಗಡ್ಡೆಯ ಹಾಸು ಚಳಿಗಾಲದಲ್ಲಿ ಹರಡಿ, ಬೇಸಗೆಯಲ್ಲಿ ಕುಗ್ಗಿ, ಸೆಪ್ಟೆಂಬರಿನಲ್ಲಿ ಅತ್ಯಂತ ಕಿರಿದಾಗುವುದು. 1979ರ ಸೆಪ್ಟೆಂಬರಿನಲ್ಲಿ ಉಪಗ್ರಹಗಳ ಅಳತೆಯಂತೆ ಸುಮಾರು 70 ಲಕ್ಷ ಚದರ ಕಿಲೋಮೀಟರಿದ್ದ ಈ ಹಾಸು 2012ರಲ್ಲಿ ಸುಮಾರು 34 ಲಕ್ಷಕ್ಕೆ ಇಳಿಯಿತು. ಅನಂತರ ಏರಿಳಿತವಾದರೂ ಹಿಂದಿನ ಮಟ್ಟಕ್ಕೆ ಅದು ಮರಳಿಲ್ಲ.

ಕಲ್ಲಿದ್ದಲನ್ನೂ ಎಣ್ಣೆಯನ್ನೂ ಸುಟ್ಟಾಗ ಹೊರಬೀಳುವ ಇಂಗಾಲದ ಡೈಆಕ್ಸೈಡು ವಾತಾವರಣದಲ್ಲಿ ಶಾಖವನ್ನು ತಡೆದಿಡುವುದೇ ಇದಕ್ಕೆ ಮೂಲಕಾರಣ. ಈ ಅನಿಲ ಹೆಚ್ಚಿದರೆ ಭೂಮಿ ಬಿಸಿಯಾಗುವುದೆಂದು ಸ್ವೀಡನ್ನಿನ ವಿಜ್ಞಾನಿ ಅರೇನಿಯಸ್ 1896ರಲ್ಲಿಯೇ ಲೆಕ್ಕಹಾಕಿ ತೋರಿಸಿದ್ದರು.

ಬಿಸಿಲಿನಲ್ಲಿ ಬಿಳಿಯ ಬಟ್ಟೆಗಿಂತ ಕರಿಯ ಬಟ್ಟೆ ಬೇಗ ಕಾಯುವುದನ್ನು ಎಲ್ಲರೂ ಬಲ್ಲರು. ಹೊಸ ಹಿಮ ಹೊದ್ದ ಮಂಜುಗಡ್ಡೆ ಬಿಸಿಲಿನ ನೂರರಲ್ಲಿ 80 ಪಾಲಿಗಿಂತ ಹೆಚ್ಚನ್ನು ಹಿಂದಕ್ಕಟ್ಟುವುದು. ಅದು ಕರಗಿದಲ್ಲಿ ತೆರೆದುಕೊಳ್ಳುವ ಕಪ್ಪು ನೀರು 90 ಪಾಲಿಗಿಂತ ಹೆಚ್ಚನ್ನು ಹೀರಿಕೊಳ್ಳುವುದು. ಹೀಗೆ ಕಾದ ನೀರು ತಡವಾಗಿ ಹೆಪ್ಪುಗಟ್ಟುವುದು. ಗಡ್ಡೆ ತೆಳುವಾಗಿ ಮರುವರ್ಷ ಇನ್ನೂ ಬೇಗ ಕರಗುವುದು. ಲೆಕ್ಕಪತ್ರ ಬರೆಯುವವರು ಇದನ್ನು ಚಕ್ರಬಡ್ಡಿಯೆಂದೇ ಗುರುತಿಸುವರು. 1979ರಿಂದೀಚೆಗೆ ಧ್ರುವಪ್ರದೇಶವು ಜಗತ್ತಿನ ಸರಾಸರಿಗಿಂತ ಸುಮಾರು ನಾಲ್ಕು ಪಟ್ಟು ವೇಗದಿಂದ ಬಿಸಿಯಾಗಿದೆಯೆಂದು 2022ರಲ್ಲಿ ಪ್ರಕಟವಾದ ಫಿನ್ಲೆಂಡಿನ ವಿಜ್ಞಾನಿಗಳ ಅಧ್ಯಯನ ತಿಳಿಸಿದೆ.

ಇನ್ನೊಂದು ಅಪಾಯ ನೆಲದೊಳಗಿದೆ. ಸೈಬೀರಿಯ, ಅಲಾಸ್ಕ, ಕೆನಡಗಳಲ್ಲಿ ಸಾವಿರಾರು ವರ್ಷಗಳಿಂದ ಹೆಪ್ಪುಗಟ್ಟಿರುವ ಮಣ್ಣಿನಲ್ಲಿ ಬೇರು, ಎಲೆಗಳು ಕೊಳೆಯದೆ ಹುದುಗಿವೆ. ವಾತಾವರಣದಲ್ಲಿರುವುದರ ಸುಮಾರು ಇಮ್ಮಡಿ ಇಂಗಾಲ ಇಂತಹ ನೆಲದಲ್ಲಿದೆ. ಶೀತಪೆಟ್ಟಿಗೆಯ ವಿದ್ಯುತ್ತು ನಿಂತರೆ ಒಳಗಿನ ಪದಾರ್ಥ ಹಳಸುವಂತೆ, ಈ ನೆಲ ಕರಗಿದಲ್ಲಿ ಅವು ಕೊಳೆತು ಇಂಗಾಲದ ಡೈಆಕ್ಸೈಡು, ಮೀಥೇನ್ ಅನಿಲಗಳಾಗಿ ಹೊರಬರುವುವು. ಸೈಬೀರಿಯದ ವೆರ್ಖೊಯಾನ್ಸ್ಕ್ ಪಟ್ಟಣದಲ್ಲಿ 2020ರ ಜೂನ್ 20ರಂದು 38 ಡಿಗ್ರಿ ಸೆಲ್ಸಿಯಸ್ ಉಷ್ಣತೆ ದಾಖಲಾಯಿತು.

ಲೋಟದ ಷರಬತ್ತಿನಲ್ಲಿ ತೇಲುವ ಐಸು ಕರಗಿದರೆ ಲೋಟ ತುಂಬಿ ಚೆಲ್ಲದು. ಸಮುದ್ರದ ಮೇಲೆ ತೇಲುವ ಹಾಸಿಗೂ ಇದೇ ನ್ಯಾಯ. ಆದರೆ ಗ್ರೀನ್‌ಲ್ಯಾಂಡಿನ ಹಿಮರಾಶಿ ನೆಲದ ಮೇಲಿರುವುದರಿಂದ, ಕರಗಿದ ನೀರೆಲ್ಲ ಕಡಲಿಗೆ ಹೊಸದಾಗಿ ಸೇರುವುದು. ಅದು ಪೂರ್ತಿ ಕರಗಲು ಬಹು ಶತಮಾನಗಳು ಬೇಕು. ಕರಗಿದರೆ ಸಮುದ್ರಮಟ್ಟ ಸುಮಾರು 7 ಮೀಟರು ಏರುವುದು. ಅದರ ಅಲ್ಪಾಂಶವೂ ಮುಂಬಯಿ, ಮದರಾಸುಗಳ ತಗ್ಗುಪ್ರದೇಶಗಳಿಗೂ, ನಮ್ಮಲ್ಲನೇಕರ ತವರಾದ ಕರಾವಳಿಗೂ ಬಾಧಕವೇ ಸರಿ.

ಭಾರತವು 2008ರಲ್ಲಿ ನಾರ್ವೆಯ ಸ್ವಾಲ್ಬಾರ್ಡಿನಲ್ಲಿ ‘ಹಿಮಾದ್ರಿ’ ಸಂಶೋಧನಾ ಕೇಂದ್ರವನ್ನು ತೆರೆದಿರುವುದು ಈ ಸಂಬಂಧವನ್ನು ಮನಗಂಡೇ.

ಜಗತ್ತಿನ ಉಷ್ಣತೆ ತಗ್ಗಿದರೆ ಸಮುದ್ರದ ಹಾಸು ಮತ್ತೆ ಹರಡೀತು. ನೆಲದಿಂದ ಹೊರಟ ಇಂಗಾಲವಾದರೋ ನಮ್ಮ ಮಕ್ಕಳ ಕಾಲಕ್ಕೂ ಮರಳಿ ನೆಲ ಸೇರದು. ಬಡ್ಡಿ ಅಸಲನ್ನು ಮೀರುವ ಮುನ್ನವೇ ಕಲ್ಲಿದ್ದಲು, ಎಣ್ಣೆಗಳ ಬಳಕೆಯನ್ನು ಇಳಿಸುವುದು ಎಲ್ಲ ಸರಕಾರಗಳ ಕರ್ತವ್ಯವೆಂದು ನಾವು ಭಾವಿಸುತ್ತೇವೆ.